‘ಮೇ’ ಎಂಬ ಪದದ ಹಲವು ಮುಖಗಳು



ಕಳೆದ ವರ್ಷ ಸದಸ್ಯರೊಬ್ಬರು ಒಂದು ಇಂಗ್ಲಿಷ್ ಪತ್ರ ಹಿಡಿದು ನಮ್ಮಲ್ಲಿಗೆ ಬಂದರು. ಊರಿನ ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು ಬರೆದಿದ್ದ ಮನವಿಗೆ ಬಂದ ಉತ್ತರ ಅದು. ‘ಮೇ ಬಿ ಕನ್ಸಿಡರ್ಡ್’ ಎಂದಿತ್ತು. ಹುದ್ದೆ ಮಂಜೂರಾಯಿತೆಂದು ಅವರು ಪೇಡೆ ಹಂಚಿಯೂ ಆಗಿತ್ತು! ಪರಿಗಣಿಸಬಹುದು ಎಂದಷ್ಟೇ ಅದರ ಅರ್ಥ, ಕೊಡುತ್ತೇವೆ ಎಂದಲ್ಲ ಎಂದು ನಾವು ಹೇಳಿದಾಗ ಅವರ ಮುಖ ಸಣ್ಣದಾಯಿತು.

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಪದ ಇದು. ತಿಂಗಳ ಹೆಸರಾದರೆ ಮೊದಲ ಅಕ್ಷರ ದೊಡ್ಡದು. ಅದಿರಲಿ. ‘ಮಳೆ ಬರಬಹುದು’ ಎಂಬ ಊಹೆಗೂ ‘ನೀವು ಹೊರಡಬಹುದು’ ಎಂಬ ಅಪ್ಪಣೆಗೂ ಇದೇ ಪದ. ನಮ್ಮ ‘ಬಹುದು’ ಕೂಡ ಈ ಎರಡೂ ಕೆಲಸ ಮಾಡುವುದರಿಂದ ಅಲ್ಲಿ ತೊಡಕಿಲ್ಲ. ಹಾರೈಕೆಯಲ್ಲಿ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ‘ಮೇ’ ಎಂದು ಶುರುಮಾಡಿ ಹರಸಿದರೆ ‘ದೇವರು ಒಳ್ಳೆಯದು ಮಾಡಲಿ’ ಎಂದರ್ಥ. ಮದುಮಕ್ಕಳಿಗೆ ‘ಒಳ್ಳೆಯದು ಮಾಡಬಹುದು’ ಎಂದರೆ ಬೀಗರು ಸುಮ್ಮನಿರುತ್ತಾರೆಯೇ?

ಕಚೇರಿಯ ಇಂಗ್ಲಿಷ್ ಇನ್ನೂ ಸೂಕ್ಷ್ಮ. ಗುಮಾಸ್ತರಾಗಿ ನಾವು ಕಡತದಲ್ಲಿ ‘ಮೇ ಕೈಂಡ್ಲಿ ಬಿ ಅಪ್ರೂವ್ಡ್’ ಎಂದು ಬರೆದರೆ ಅದು ವಿನಂತಿ. ಅದೇ ಕಡತದಲ್ಲಿ ಮೇಲಧಿಕಾರಿ ‘ಡ್ರಾಫ್ಟ್ ಮೇ ಬಿ ಇಶ್ಯೂಡ್’ ಎಂದು ಬರೆದರೆ ಅದು ಆಜ್ಞೆ, ಅಂದೇ ಪತ್ರ ಹೊರಡಬೇಕು. ಹೊರಗಿನವರ ಕೈಗೆ ಬರುವ ಪತ್ರದಲ್ಲಾದರೋ ಹೆಚ್ಚಾಗಿ ವಿನಂತಿಯೂ ಅಲ್ಲ, ಆಜ್ಞೆಯೂ ಅಲ್ಲ. ಬಾಗಿಲು ಮುಚ್ಚಿಲ್ಲ ಎಂದಷ್ಟೇ.

ಕಾನೂನಿನಲ್ಲಿ ‘ಮೇ’ಗೆ ಎದುರಾಗಿ ನಿಲ್ಲುವುದು ‘ಶಲ್’. ಕನ್ನಡ ಕಾಯಿದೆಗಳಲ್ಲಿ ಇವು ‘ಬಹುದು’ ಮತ್ತು ‘ತಕ್ಕದ್ದು’. ಸಂದರ್ಭ ನೋಡಿ ನ್ಯಾಯಾಲಯಗಳು ‘ಮೇ’ಯನ್ನು ‘ಶಲ್’ ಎಂದು ಓದಿದ್ದೂ ಉಂಟು, ಅದು ವಕೀಲರ ಕೆಲಸ. ನಮಗೆ ಬೇಕಾದದ್ದು ಸಂವಿಧಾನದ ಮೂರು ವಿಧಿಗಳು. ಒಂದು ರಾಜ್ಯದ ಜನರಲ್ಲಿ ಗಣನೀಯ ಭಾಗದವರು ತಮ್ಮ ಭಾಷೆಗೆ ಮನ್ನಣೆ ಬಯಸುತ್ತಾರೆಂದು ಮನವರಿಕೆಯಾದರೆ ರಾಷ್ಟ್ರಪತಿಗಳು ಹಾಗೆ ನಿರ್ದೇಶಿಸಬಹುದು ಎನ್ನುವ 347ನೇ ವಿಧಿಯಲ್ಲಿರುವುದು ‘ಮೇ’. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುವ 350ಎ ವಿಧಿ ರಾಜ್ಯಗಳ ಮರುವಿಂಗಡಣೆಯಾದ 1956ರಲ್ಲೇ ಸೇರಿದ್ದು. ಅದರಲ್ಲಿ ‘ಶಲ್’ ಇದೆ, ಆದರೆ ಅದು ಅಂಟಿಕೊಂಡಿರುವುದು ‘ಪ್ರಯತ್ನ’ ಎಂಬ ಪದಕ್ಕೆ. 350ನೇ ವಿಧಿ ಹೆಚ್ಚು ಗಟ್ಟಿ: ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕುಂಟು. ಅಲ್ಲಿರುವುದು ‘ಶಲ್’. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಅದು ಹೇಳುವುದಿಲ್ಲ.

ಆ ಸದಸ್ಯರು ನಮ್ಮೊಡನೆ ಕೂತು ಎರಡನೆಯ ಮನವಿಯನ್ನು ಕನ್ನಡದಲ್ಲೇ ಬರೆದರು. ಪರಿಗಣಿಸುವವರು ಯಾರು, ಎಂದಿನೊಳಗೆ, ಕಡತದ ಸಂಖ್ಯೆ ಏನು ಎಂದು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮಲ್ಲೂ ಇಂಥ ಪತ್ರಗಳಿದ್ದರೆ ನಕಲು ಪ್ರತಿಯೊಂದಿಗೆ ಸಂಘಕ್ಕೆ ತನ್ನಿ. ‘ಮೇ’ ಇರುವ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ತಂದರೆ ಹುಡುಕುವ ಕೆಲಸ ಉಳಿಯುತ್ತದೆ.