ಸೆಕೆಂಡಿಗೆ ಅರವತ್ತು ಅನ್ನದುಂಡೆ

ಜಪಾನಿನ ನೆಲ ಸುಮಾರು 3,78,000 ಚದರ ಕಿಲೋಮೀಟರ್. ಕರ್ನಾಟಕದ ಎರಡು ಪಟ್ಟಿಗೆ ತುಸು ಕಮ್ಮಿ. ಜನ 12.4 ಕೋಟಿಯ ಆಸುಪಾಸು. ಅದೂ ಹೆಚ್ಚುಕಮ್ಮಿ ನಮ್ಮ ಎರಡು ಪಟ್ಟೇ. ಆದರೆ ನೆಲದ ಮುಕ್ಕಾಲು ಪಾಲು ಬೆಟ್ಟಗುಡ್ಡ. ಎರಡು ಕರ್ನಾಟಕಗಳ ಜನರನ್ನು ಒಟ್ಟು ಸೇರಿಸಿ, ಬಹುಪಾಲು ಮಂದಿಯನ್ನು ಕರಾವಳಿಯ ಬಯಲಿಗೆ ಇಳಿಸಿಬಿಟ್ಟಿದ್ದಾರೆ ಎಂದುಕೊಂಡರೆ ಮುಂದಿನ ಲೆಕ್ಕಗಳನ್ನು ಹಿಡಿಯುವುದು ಸುಲಭ.

ಹೊಸದಾಗಿ ಇಲ್ಲಿಗೆ ಬಂದವರು ಊರಿಗೆ ಫೋನು ಮಾಡಿ ಬುಲೆಟ್ ರೈಲಿನ ವೇಗ ಹೇಳುತ್ತಾರೆ, ಟೋಕಿಯೊ ಸ್ಕೈಟ್ರೀಯ 634 ಮೀಟರ್ ಎತ್ತರ ಹೇಳುತ್ತಾರೆ. ಅವೂ ದೊಡ್ಡವೇ, ಇಲ್ಲವೆನ್ನುವುದಿಲ್ಲ. ಆದರೆ ಬಾಡಿಗೆ ಮನೆ ಹಿಡಿದು, ಸಂಜೆ ಹಾಲು ತರಲು ಚಪ್ಪಲಿ ಮೆಟ್ಟಿ ಹೊರಡುವವನಿಗೆ ತಲೆ ತಿರುಗುವುದು ಅಂಗೈಯಲ್ಲಿ ಹಿಡಿಸುವ ಪದಾರ್ಥಗಳ ಲೆಕ್ಕ ಹಾಕಿದಾಗ.

ಒನಿಗಿರಿಯನ್ನೇ ತೆಗೆದುಕೊಳ್ಳಿ. ಅಂಟು ಅನ್ನವನ್ನು ಮುಕ್ಕೋನವಾಗಿ ಒತ್ತಿ, ನಡುವೆ ಏನಾದರೂ ಇಟ್ಟು, ಹೊರಗೆ ನೋರಿ ಎಂಬ ಕಡಲಪಾಚಿಯ ಹಾಳೆ ಸುತ್ತಿದ ತಿಂಡಿ. ಸಿಗುವ ಜಾಗ ಕೊಂಬಿನಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿ. ದೇಶದಲ್ಲಿ ಇಂಥ ಅಂಗಡಿಗಳು 55,000ಕ್ಕೂ ಹೆಚ್ಚಿವೆ. ಎರಡು ಸಾವಿರ ಚಿಲ್ಲರೆ ಜನಕ್ಕೆ ಒಂದು. ಸೆವೆನ್ ಇಲೆವೆನ್‌ನ ಮೊದಲ ಅಂಗಡಿ ಟೋಕಿಯೊದ ತೊಯೊಸು ಎಂಬಲ್ಲಿ 1974ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಮೊದಲ ಗಿರಾಕಿ ಕೊಂಡದ್ದು ತಿನ್ನುವ ವಸ್ತುವನ್ನಲ್ಲ, 800 ಯೆನ್‌ನ ತಂಪು ಕನ್ನಡಕವನ್ನು. ಈಗ ಆ ಒಂದು ಕಂಪನಿಗೇ 21,000ಕ್ಕೂ ಹೆಚ್ಚು ಅಂಗಡಿಗಳು. ಅವು ವರ್ಷಕ್ಕೆ ಮಾರುವ ಒನಿಗಿರಿ ಇನ್ನೂರು ಕೋಟಿಗೂ ಮೇಲೆ.

ವರ್ಷವೊಂದರಲ್ಲಿ ಇರುವುದು ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಅನ್ನದುಂಡೆ, ಊಟದ ಹೊತ್ತು ನಿದ್ದೆಯ ಹೊತ್ತು ಎನ್ನದೆ. ಒಂದೊಂದಕ್ಕೆ ನೂರು ಗ್ರಾಂ ಎಂದು ಹಿಡಿದರೂ ಎರಡು ಲಕ್ಷ ಟನ್. ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ ಇಪ್ಪತ್ತು ಸಾವಿರ ಲಾರಿ. ನೆನಪಿರಲಿ, ಇದು ಒಂದೇ ಕಂಪನಿಯ ಲೆಕ್ಕ, ಮನೆಯಲ್ಲಿ ಕಟ್ಟಿಕೊಂಡು ಹೋಗುವ ಬುತ್ತಿ ಇದರಲ್ಲಿ ಸೇರಿಲ್ಲ.

ಇಷ್ಟು ಅನ್ನ ಹಳಸದೆ ಹೇಗೆ ತಲುಪುತ್ತದೆ? ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಹೊರಗಿಟ್ಟರೆ ಕೆಡುತ್ತದೆ. ಇದು ಯಾವ ಅಜ್ಜಿಗೂ ಗೊತ್ತಿರುವ ಸಂಗತಿ. ಕಂಪನಿ ನಡುವಿನ ದಾರಿ ಹಿಡಿಯಿತು. ಅನ್ನದ ತಿಂಡಿಗಳಿಗೆಂದೇ 20 ಡಿಗ್ರಿಯ ಲಾರಿ. ಹಾಲು, ಸಲಾಡುಗಳಿಗೆ 5 ಡಿಗ್ರಿಯದು. ಐಸ್‌ಕ್ರೀಮಿಗೆ ಮೈನಸ್ 20ರದು. ಮೊದಮೊದಲು ಒಂದು ಅಂಗಡಿಯ ಮುಂದೆ ದಿನಕ್ಕೆ ಎಪ್ಪತ್ತರಷ್ಟು ಗಾಡಿಗಳು ನಿಲ್ಲುತ್ತಿದ್ದವಂತೆ. ಬೇರೆ ಬೇರೆ ಕಂಪನಿಗಳ ಸರಕನ್ನು ಉಷ್ಣತೆಗೆ ತಕ್ಕಂತೆ ಒಂದೇ ಲಾರಿಗೆ ಹಾಕಲು ಶುರುಮಾಡಿದ ಮೇಲೆ ಅದು ಒಂಬತ್ತು ಹತ್ತಕ್ಕೆ ಇಳಿಯಿತು. ಇನ್ನು ನೋರಿ. ಅನ್ನದ ತೇವ ತಾಗಿದರೆ ಅದು ಮೆತ್ತಗಾಗುತ್ತದೆ. ಅದಕ್ಕೆ ಅನ್ನಕ್ಕೂ ಹಾಳೆಗೂ ನಡುವೆ ಪ್ಲಾಸ್ಟಿಕ್ಕಿನ ಪರದೆ. ಪೊಟ್ಟಣದ ಮೇಲೆ 1, 2, 3 ಎಂದು ಬರೆದಿರುತ್ತದೆ, ಆ ಕ್ರಮದಲ್ಲಿ ಎಳೆದರೆ ಪರದೆ ಜಾರಿ ಹೊರಬಂದು ಹಾಳೆ ಅನ್ನಕ್ಕೆ ಅಂಟಿಕೊಳ್ಳುತ್ತದೆ, ಗರಿಗರಿಯಾಗಿ. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಉಪ್ಪಿನಲ್ಲಿಟ್ಟ ಉಮೆ ಕಾಯಿಯ ಒನಿಗಿರಿ ನಮ್ಮವರ ಆಸರೆ. ಆದರೂ ಹಿಂಬದಿಯ ಚೀಟಿ ಓದಿಕೊಳ್ಳಿ. ಕಾತ್ಸುವೊ ಮೀನಿನ ಸಾರ ಯಾವ ಸಂದಿಯಿಂದಲಾದರೂ ನುಸುಳುತ್ತದೆ.

ಇಷ್ಟೆಲ್ಲ ಅನ್ನದುಂಡೆ ತಿನ್ನುವ ದೇಶದಲ್ಲಿ ಅಕ್ಕಿಯ ಬಳಕೆ ಮಾತ್ರ ಇಳಿಯುತ್ತಲೇ ಬಂದಿದೆ. 1962ರಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಇತ್ತು, ಈಗ ಐವತ್ತರ ಹತ್ತಿರ. ಹಾಗೆಂದು ಅಕ್ಕಿಯ ಮೇಲಿನ ಮೋಹ ಅರ್ಧವಾಗಿದೆ ಎಂದು ತಿಳಿಯಬಾರದು. ಎರಡು ಸಾವಿರ ಯೆನ್ ಆಸುಪಾಸಿನಲ್ಲಿದ್ದ ಐದು ಕಿಲೋ ಚೀಲ 2025ರಲ್ಲಿ ನಾಲ್ಕು ಸಾವಿರ ದಾಟಿತು. ಸರ್ಕಾರ ತುರ್ತಿಗೆಂದು ಕೂಡಿಟ್ಟ ಅಕ್ಕಿಯನ್ನು ಹೊರಗೆ ತೆಗೆಯಬೇಕಾಯಿತು. ಅದನ್ನು ಕೊಳ್ಳಲು ಅಂಗಡಿಗಳ ಮುಂದೆ ಸಾಲು. ಅದೇ ಹೊತ್ತಿನಲ್ಲಿ ಕೃಷಿ ಸಚಿವರು ತಾನು ಅಕ್ಕಿ ಕೊಂಡವನೇ ಅಲ್ಲ, ಬೆಂಬಲಿಗರು ತಂದು ಕೊಡುತ್ತಾರೆ ಎಂದುಬಿಟ್ಟರು. ಅದೊಂದು ಮಾತಿಗೆ ಕುರ್ಚಿ ಹೋಯಿತು. ಗದ್ದೆಯಲ್ಲಿ ದುಡಿಯುವವರನ್ನು ನೋಡಿದರೆ ಇನ್ನೊಂದು ಅಂಕಿ ಎದುರಾಗುತ್ತದೆ: ಜಪಾನಿನ ಕಸುಬುದಾರ ರೈತರ ಸರಾಸರಿ ವಯಸ್ಸು 69ರ ಆಸುಪಾಸು. ಆಹಾರದ ಕ್ಯಾಲೊರಿ ಲೆಕ್ಕದಲ್ಲಿ ದೇಶ ತಾನೇ ಬೆಳೆದುಕೊಳ್ಳುವುದು ಶೇ. 38 ಮಾತ್ರ, ಉಳಿದದ್ದು ಹಡಗಿನಲ್ಲಿ ಬರಬೇಕು.

ಮೊಟ್ಟೆಯ ವಿಚಾರದಲ್ಲಿ ಈ ಚಿಂತೆ ಕಡಿಮೆ. ತಲೆಗೆ ವರ್ಷಕ್ಕೆ 330ರಷ್ಟು ಮೊಟ್ಟೆ, ಅಂದರೆ ಹೆಚ್ಚುಕಮ್ಮಿ ದಿನಕ್ಕೊಂದು. ಭಾರತದಲ್ಲಿ ನೂರರ ಆಸುಪಾಸು. ಮೊಟ್ಟೆಯಿಡುವ ಕೋಳಿಗಳ ಸಂಖ್ಯೆಯೂ ಜನಸಂಖ್ಯೆಯೂ ಇಲ್ಲಿ ಸುಮಾರು ಸಮಸಮ. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು ತಿನ್ನುವ ರೂಢಿ ಇರುವುದರಿಂದ ಡಬ್ಬಿಯ ಮೇಲಿನ ದಿನಾಂಕ ಹಸಿಯಾಗಿ ತಿನ್ನಲು ಇರುವ ಗಡುವು. ಅದು ಮುಗಿದ ಮೇಲೂ ಬೇಯಿಸಿ ತಿನ್ನಬಹುದು. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ ನಾಡಿನಿಂದ ಬಂದವನಿಗೆ ಇದೆಲ್ಲ ಬೇರೆಯೇ ಲೋಕದ ಮಾತು.

ಅಂಗಡಿಯಲ್ಲಿ ಚಿಲ್ಲರೆ ಸಿಕ್ಕರೆ ಒಂದು ಯೆನ್ ನಾಣ್ಯವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿ. ಸರಿಯಾಗಿ ಒಂದು ಗ್ರಾಂ. ಅಗಲ ಸರಿಯಾಗಿ ಎರಡು ಸೆಂಟಿಮೀಟರ್. ಅಪ್ಪಟ ಅಲ್ಯೂಮಿನಿಯಂ. ಅಚ್ಚು ಹಾಕುವ ಖರ್ಚು ಅದರ ಮುಖಬೆಲೆಗಿಂತ ಹೆಚ್ಚು, ಆದರೂ ಚಲಾವಣೆಯಲ್ಲಿದೆ.

ನಡಿಗೆಯ ಮಾತಿಗೆ ಬರೋಣ. ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಿಗ್ಗೆ ಫೋನು ನೋಡಿಕೊಳ್ಳುತ್ತ ಹತ್ತು ಸಾವಿರ ಹೆಜ್ಜೆ ಮುಗಿಸುವ ಹಿರಿಯರು ಅದನ್ನು ಡಾಕ್ಟರು ಹೇಳಿದ ಲೆಕ್ಕವೆಂದು ನಂಬಿದ್ದಾರೆ. ಅದು ಹುಟ್ಟಿದ್ದು ಇಲ್ಲಿ, ಜಾಹೀರಾತಿನಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರುಕಟ್ಟೆಗೆ ತಂದು, ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದೇ ಹೆಸರಿಟ್ಟಿತು. ಅಂಕಿ ದುಂಡಗಿತ್ತು, ನೆನಪಿಡಲು ಹಗುರವಾಗಿತ್ತು. ಅಷ್ಟು ಸಾಕಾಯಿತು, ಅರವತ್ತು ವರ್ಷದ ಮೇಲೆ ಜಗತ್ತಿನ ಫೋನುಗಳೆಲ್ಲ ಅದೇ ಅಂಕಿಯನ್ನು ಹಿಡಿದು ನಮ್ಮನ್ನು ಓಡಿಸುತ್ತಿವೆ. ಜಪಾನೀಯರು ಸ್ವತಃ ಅಷ್ಟು ನಡೆಯುವುದಿಲ್ಲ. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದಿನದ ಸರಾಸರಿ ಗಂಡಸರದು 6,800ರಷ್ಟು, ಹೆಂಗಸರದು 5,800ರಷ್ಟು.

ನಡೆಯುವಾಗ ತಲೆ ತಗ್ಗಿಸಿ ನಡೆಯುವುದೇ ಇಲ್ಲಿ ಲಾಭ. ಕಾಲಡಿಯ ಮ್ಯಾನ್‌ಹೋಲ್ ಮುಚ್ಚಳಗಳು ದೇಶದಲ್ಲಿ ಸುಮಾರು ಒಂದೂವರೆ ಕೋಟಿ, ಎಂಟು ಜನಕ್ಕೊಂದು. ಊರಿಗೊಂದು ಚಿತ್ರ. ಒಸಾಕದಲ್ಲಿ ಕೋಟೆ ಮತ್ತು ಸಕುರ ಹೂ, ಸಪ್ಪೊರೊದಲ್ಲಿ ಗಡಿಯಾರದ ಗೋಪುರ ಮತ್ತು ಸಾಲ್ಮನ್ ಮೀನು, ನಗೋಯಾದಲ್ಲಿ ನೀರ ಮೇಲೆ ಓಡಾಡುವ ಒಂದು ಹುಳು. ಒಳಚರಂಡಿಯ ಖರ್ಚಿಗೆ ಜನರ ಮನ ಒಲಿಸಬೇಕಾಗಿ ಬಂದಾಗ 1980ರ ದಶಕದಲ್ಲಿ ಹಬ್ಬಿದ ಉಪಾಯವಿದು. 2016ರಿಂದ ಮುಚ್ಚಳದ ಚಿತ್ರವಿರುವ ಕಾರ್ಡುಗಳನ್ನೂ ಪುಕ್ಕಟೆ ಹಂಚುತ್ತಿದ್ದಾರೆ. ಷರತ್ತು ಒಂದೇ, ಆ ಊರಿಗೇ ಹೋಗಿ ಪಡೆಯಬೇಕು. ಚರಂಡಿ ಮುಚ್ಚಳದ ಚೀಟಿಗಾಗಿ ರೈಲು ಹತ್ತುವ ಜನ ಇದ್ದಾರೆ, ಮತ್ತು ಅವರು ಮಕ್ಕಳಲ್ಲ.

ದಾಹವಾದರೆ ಮಾರಾಟ ಯಂತ್ರ. ಪಾನೀಯದವೇ ಇಪ್ಪತ್ತು ಲಕ್ಷದ ಮೇಲಿವೆ. ಒಂದೇ ಪೆಟ್ಟಿಗೆಯಲ್ಲಿ ನೀಲಿ ಪಟ್ಟಿಯಿದ್ದರೆ ತಣ್ಣಗಿನದು, ಕೆಂಪು ಪಟ್ಟಿಯಿದ್ದರೆ ಬಿಸಿಯದು. ಚಳಿಗಾಲದಲ್ಲಿ ಬಿಸಿ ಜೋಳದ ಸೂಪು ಕೂಡ ಡಬ್ಬಿಯಲ್ಲಿ ಬೀಳುತ್ತದೆ. ಶಿಂಜುಕು ನಿಲ್ದಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿನ್ನೆಸ್ ದಾಖಲೆಯ ಪ್ರಕಾರ 2018ರಲ್ಲಿ ದಿನಕ್ಕೆ ಸರಾಸರಿ 35.9 ಲಕ್ಷ ಪ್ರಯಾಣಿಕರಿದ್ದರು. ಬಾಗಿಲು ಇನ್ನೂರಕ್ಕೂ ಹೆಚ್ಚು. ನಮ್ಮ ಮೆಟ್ರೊ ಪೂರ್ತಿ ಸೇರಿ ದಿನಕ್ಕೆ ಹತ್ತು ಲಕ್ಷ ದಾಟಿದಾಗ ಬೆಂಗಳೂರಿನ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ನನ್ನ ಮಟ್ಟಿಗೆ ಜಪಾನಿನ ಊಟದ ಚರಿತ್ರೆಯಲ್ಲಿ ಮುಖ್ಯವಾದ ಇಸವಿ 1958, ಜಾಗ ಒಸಾಕ ಸೀಮೆ. ಇಕೆದಾ ಪಟ್ಟಣದಲ್ಲಿ ಮೊಮೊಫುಕು ಆಂದೊ ಎಂಬ ನಲವತ್ತೆಂಟರ ಮನುಷ್ಯ, ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವನು, ಮನೆಯ ಹಿಂದಿನ ಗುಡಿಸಲಿನಲ್ಲಿ ಕೂತು ಬೇಯಿಸಿದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದ. ಕರಿದಾಗ ನೀರು ಆವಿಯಾಗಿ ಹೋಗಿ ಎಳೆಗಳಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿ ನೀರು ಸುರಿದರೆ ಅದೇ ರಂಧ್ರಗಳಿಂದ ನೀರು ಒಳಗೆ ಹೋಗುತ್ತದೆ. ಆಗಸ್ಟ್ 25ರಂದು ಚಿಕನ್ ರಾಮೆನ್ ಮಾರಾಟಕ್ಕೆ ಬಂತು, ಬೆಲೆ 35 ಯೆನ್. ಅಂಗಡಿಯ ಹಸಿ ಉದೊನ್ ನೂಡಲ್ಸ್ ಆಗ ಆರೇ ಯೆನ್, ಹಾಗಾಗಿ ಇದು ಶ್ರೀಮಂತರ ತಿಂಡಿ. 1971ರಲ್ಲಿ ಕಪ್ ನೂಡಲ್ ಬಂತು. ಮುಂದಿನ ಫೆಬ್ರವರಿಯಲ್ಲಿ ಅಸಾಮಾ ಬೆಟ್ಟದ ತಪ್ಪಲಿನ ಬಂಗಲೆಯೊಂದರಲ್ಲಿ ಉಗ್ರರು ಒತ್ತೆಯಾಳು ಹಿಡಿದು ಕೂತಾಗ, ಹೊರಗೆ ಹಿಮದಲ್ಲಿ ನಿಂತ ಪೊಲೀಸರು ಬಿಸಿ ಬಿಸಿ ಕಪ್ ನೂಡಲ್ ತಿನ್ನುವುದನ್ನು ಇಡೀ ದೇಶ ಟಿ.ವಿ.ಯಲ್ಲಿ ಕಂಡಿತು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇ? ಇವತ್ತು ಜಗತ್ತು ವರ್ಷಕ್ಕೆ ತಿನ್ನುವ ದಿಢೀರ್ ನೂಡಲ್ಸ್ ಹನ್ನೆರಡು ಸಾವಿರ ಕೋಟಿ ಪೊಟ್ಟಣ. ಅದರಲ್ಲಿ ಎಂಟುನೂರು ಕೋಟಿಗೂ ಹೆಚ್ಚು ಭಾರತದ್ದು.

ಅದೇ 1958ರಲ್ಲಿ, ಇಕೆದಾದಿಂದ ದೂರವೇನಲ್ಲದ ಪೂರ್ವ ಒಸಾಕದಲ್ಲಿ, ಯೊಶಿಆಕಿ ಶಿರೈಶಿ ಎಂಬ ಹೋಟೆಲಿನವನು ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, ಸುಶಿ ತಟ್ಟೆಗಳನ್ನೂ ಹಾಗೇ ಓಡಿಸಿದ. ಆತ ಹೆಣಗಿದ್ದು ವೇಗಕ್ಕೆ. ನಿಧಾನವಾದರೆ ಗಿರಾಕಿಗೆ ಬೇಸರ, ಜೋರಾದರೆ ಮೀನು ಒಣಗುತ್ತದೆ, ತಟ್ಟೆ ಎತ್ತಲೂ ಗಡಿಬಿಡಿ. ಕೊನೆಗೆ ನಿಂತದ್ದು ಸೆಕೆಂಡಿಗೆ 8 ಸೆಂಟಿಮೀಟರಿಗೆ. ಒಂದು ಇಡೀ ಉದ್ಯಮ ಆ ಎಂಟರ ಮೇಲೆ ನಿಂತಿತು.

ಹುಚ್ಚು ಲೆಕ್ಕಗಳೂ ಇವೆ. 2019ರ ಜನವರಿಯಲ್ಲಿ ತೊಯೊಸು ಮಾರುಕಟ್ಟೆಯ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದು ಟ್ಯೂನಾ ಮೀನು 33.36 ಕೋಟಿ ಯೆನ್‌ಗೆ ಹೋಯಿತು, ಅಂದರೆ ಕಿಲೋಗೆ 12 ಲಕ್ಷ ಯೆನ್. ಅದೇ ವರ್ಷ ಇಶಿಕಾವಾದ ರೂಬಿ ರೋಮನ್ ದ್ರಾಕ್ಷಿಯ ಒಂದು ಗೊಂಚಲು ಹರಾಜಾದದ್ದೂ 12 ಲಕ್ಷಕ್ಕೆ. ಗೊಂಚಲಿನಲ್ಲಿ 24 ಹಣ್ಣು. ಒಂದೊಂದಕ್ಕೆ ಐವತ್ತು ಸಾವಿರ ಯೆನ್. ಯೆನ್ ಒಂದಕ್ಕೆ ನಮ್ಮ ಐವತ್ತು ಅರವತ್ತು ಪೈಸೆ ಎಂದು ನೀವೇ ಗುಣಿಸಿಕೊಳ್ಳಿ. ಇವು ಹೆಸರಿಗಾಗಿ ಕೂಗುವ ಬೆಲೆಗಳು, ನನಗೆ ಇವುಗಳಲ್ಲಿ ಬೆರಗಿಗಿಂತ ಆಡಂಬರವೇ ಹೆಚ್ಚು ಕಾಣುತ್ತದೆ.

ನಿಜವಾಗಿ ನಿಂತು ನೋಡಬೇಕಾದದ್ದು ಕ್ಯೋಟೊದ ಇಮಾಮಿಯಾ ಗುಡಿಯ ಬಾಗಿಲಲ್ಲಿದೆ. ಇಚಿವಾ ಎಂಬ ಅಂಗಡಿ, ಶುರುವಾದದ್ದು ಕ್ರಿ.ಶ. 1000ದಲ್ಲಿ ಎಂದು ಮನೆತನದವರ ಲೆಕ್ಕ. ಮಾರುವುದು ಒಂದೇ ತಿಂಡಿ, ಅಬುರಿ ಮೋಚಿ. ಹೆಬ್ಬೆರಳಿನ ತುದಿಯಷ್ಟು ಅಕ್ಕಿಯ ಉಂಡೆಯನ್ನು ಬಿದಿರು ಕಡ್ಡಿಗೆ ಚುಚ್ಚಿ, ಸೋಯಾ ಹಿಟ್ಟಿನಲ್ಲಿ ಹೊರಳಿಸಿ, ಇದ್ದಿಲ ಕೆಂಡದ ಮೇಲೆ ಸುಟ್ಟು, ಮೇಲೆ ಸಿಹಿಯಾದ ಬಿಳಿ ಮಿಸೊ (ಹುದುಗಿಸಿದ ಸೋಯಾ ಗೊಜ್ಜು) ಸುರಿದು ಕೊಡುತ್ತಾರೆ. ಕ್ರಿ.ಶ. 1000 ಎಂದರೆ ನಮ್ಮಲ್ಲಿ ಚಾಲುಕ್ಯ ಸತ್ಯಾಶ್ರಯ ಆಳುತ್ತಿದ್ದ, ಅವನ ಆಸ್ಥಾನದಲ್ಲಿ ರನ್ನ ಇದ್ದ. ಬೇಲೂರು, ಹಳೇಬೀಡುಗಳು ಇನ್ನೂ ಎದ್ದಿರಲಿಲ್ಲ. ಆಮೇಲೆ ಎಷ್ಟು ರಾಜ್ಯಗಳು ಬಂದು ಹೋದವು ಎಣಿಸಿಕೊಳ್ಳಿ. ಈ ಮನೆಯವರು ಮಾತ್ರ ಉಂಡೆ ಸುಡುತ್ತಲೇ ಇದ್ದಾರೆ. ಎದುರಿಗೆ ಕಜಾರಿಯಾ ಎಂಬ ಇನ್ನೊಂದು ಅಂಗಡಿಯಿದೆ, ಅದೂ ಇದೇ ತಿಂಡಿ ಮಾರುತ್ತದೆ. ಅದಕ್ಕೆ ನಾನೂರು ವರ್ಷವಾಯಿತು. ಆ ಬೀದಿಯಲ್ಲಿ ಅದು ಹೊಸ ಅಂಗಡಿ.

ಅಂಗಡಿಗಳಷ್ಟೇ ಅಲ್ಲ, ಗಿರಾಕಿಗಳೂ ಬಾಳುತ್ತಾರೆ. ಬೆಳಿಗ್ಗೆ ಆರೂವರೆಗೆ ಪಾರ್ಕಿಗೆ ಹೋದರೆ ರೇಡಿಯೊದ ಪಿಯಾನೊಗೆ ಕೈಕಾಲು ಆಡಿಸುವ ಹಿರಿಯರು ಸಿಗುತ್ತಾರೆ. ಆ ರೇಡಿಯೊ ಕಸರತ್ತು 1928ರಲ್ಲಿ ಶುರುವಾದದ್ದು. ಅವರಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ಊಹಿಸಲು ಹೋಗಬೇಡಿ, ಇಪ್ಪತ್ತು ವರ್ಷ ತಪ್ಪುತ್ತದೆ. 1963ರಲ್ಲಿ ಜಪಾನ್ ಸರ್ಕಾರ ನೂರು ತುಂಬಿದವರನ್ನು ಮೊದಲ ಸಲ ಎಣಿಸಿದಾಗ ಸಿಕ್ಕಿದ್ದು 153 ಮಂದಿ. ಪ್ರತಿಯೊಬ್ಬರಿಗೂ ಗೌರವದಿಂದ ಸಾಕೆ ಎಂಬ ಅಕ್ಕಿ ಮದ್ಯ ಕುಡಿಯುವ ಬೆಳ್ಳಿಯ ಬಟ್ಟಲು ಕೊಟ್ಟಿತು. 1981ರಲ್ಲಿ ಸಂಖ್ಯೆ ಸಾವಿರ ದಾಟಿತು, 1998ರಲ್ಲಿ ಹತ್ತು ಸಾವಿರ. 2025ರ ಸೆಪ್ಟೆಂಬರಿನಲ್ಲಿ 99,763. ನೂರಕ್ಕೆ ಎಂಬತ್ತೆಂಟು ಮಂದಿ ಹೆಂಗಸರು. ಹೊಸದಾಗಿ ನೂರು ತುಂಬುವವರಿಗೆ ಬಟ್ಟಲು ಕೊಡುವ ಪದ್ಧತಿ ಈಗಲೂ ಇದೆ, ಆದರೆ ಖಜಾನೆಗೆ ಅದು ಭಾರವಾಗತೊಡಗಿತು. ಮೊದಲು ಬಟ್ಟಲಿನ ಅಳತೆ ಕಿರಿದಾಯಿತು. 2016ರಿಂದ ಅಪ್ಪಟ ಬೆಳ್ಳಿಯ ಬದಲು ಬೆಳ್ಳಿ ಲೇಪದ ಬಟ್ಟಲು ಕೊಡುತ್ತಿದ್ದಾರೆ, ಒಂದೊಂದರ ಖರ್ಚು ಸುಮಾರು ಅರ್ಧಕ್ಕೆ ಇಳಿದಿದೆ.