ಹಸಿವನ್ನು ಗೋಡೆಗೇರಿಸಿದ ಡಗ್ಲಸ್

ದಪ್ಪ ಕಪ್ಪು ಗೆರೆಗಳಲ್ಲಿ ಮೂಡಿದ ಹುಡುಗನ ನಗುಮುಖ. ಸಮೀಪದಿಂದ ನೋಡಿದರೆ ಅವನ ಕನ್ನಡಕದ ಗಾಜುಗಳೊಳಗೆ ತಿಂಡಿಗೆ ಕುಳಿತ ಮಕ್ಕಳ ಫೋಟೋ! 1971ರಲ್ಲಿ ಈ ಚಿತ್ರ ರಚಿಸಿದವರು ಅಮೆರಿಕದ ಎಮೊರಿ ಡಗ್ಲಸ್.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ 1969. ಅದೇ ವರ್ಷದ ಜನವರಿಯಲ್ಲಿ, ಅದೇ ಶ್ರೀಮಂತ ದೇಶದ ಓಕ್‌ಲ್ಯಾಂಡ್ ನಗರದ ಚರ್ಚೊಂದರಲ್ಲಿ, ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೊರಟ ಕಪ್ಪುಜನರ ಮಕ್ಕಳಿಗೆ ಉಚಿತ ತಿಂಡಿ ಕೊಡುವ ಕೆಲಸ ಆರಂಭವಾಯಿತು. ನಡೆಸಿದವರು 'ಬ್ಲ್ಯಾಕ್ ಪ್ಯಾಂಥರ್' ಪಕ್ಷದವರು. ಬಂದೂಕು ಹಿಡಿದವರೆಂದೇ ಹೆಸರಾಗಿದ್ದ ಗುಂಪು ಅದು (ಆ ಹೆಸರು ಸುಳ್ಳೂ ಆಗಿರಲಿಲ್ಲ). ಹಸಿದ ಮಗುವಿಗೆ ಮೊದಲ ಪೀರಿಯಡ್ಡಿನ ಪಾಠ ಹತ್ತುವುದಿಲ್ಲವೆಂಬುದು ಯಾವ ಮೇಷ್ಟ್ರಿಗೂ ಗೊತ್ತು. ಸುಮ್ಮನೆ ಕುಳಿತಿದ್ದಾಗಲೂ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಮೆದುಳಿಗೇ ಬೇಕು.

ಡಗ್ಲಸ್ ಈ ಪಕ್ಷದ ಪತ್ರಿಕೆಯ ಚಿತ್ರಕಾರ. ಹದಿಹರೆಯದಲ್ಲಿ ತಪ್ಪು ಮಾಡಿ ಸುಧಾರಣಾ ಶಾಲೆ ಸೇರಿದ್ದರು. ಅಚ್ಚಿನ ಕೆಲಸದ ಪರಿಚಯವಾದದ್ದು ಅಲ್ಲಿಯೇ. ಪತ್ರಿಕೆಯ ಬೆಲೆ 25 ಸೆಂಟ್. ಬಹುವರ್ಣ ಮುದ್ರಣಕ್ಕೆ ಹಣವೆಲ್ಲಿ? ಕಪ್ಪು ಮಸಿಯ ಜೊತೆಗೆ ಇನ್ನೊಂದು ಬಣ್ಣ ಸಿಕ್ಕರೆ ಅದೇ ಹೆಚ್ಚು. ಹಾಗಾಗಿ ಮರದಚ್ಚಿನಲ್ಲಿ ಕೆತ್ತಿದಂಥ ದಪ್ಪ ಗೆರೆ. ನೆರಳಿಗೆ, ಚುಕ್ಕೆ ಗೀಟುಗಳಿದ್ದ ಸಿದ್ಧ ಹಾಳೆಗಳನ್ನು ಕತ್ತರಿಸಿ ಅಂಟಿಸುವುದು. ಚುಕ್ಕೆ ಒತ್ತಾದರೆ ಕಡುಬೂದು, ವಿರಳವಾದರೆ ತಿಳಿಬೂದು. ಮಸಿ ಒಂದೇ, ಛಾಯೆ ಹುಟ್ಟುವುದು ನೋಡುವವರ ಕಣ್ಣಿನಲ್ಲಿ! ಓದು ಬಾರದವರಿಗೂ ತಿಳಿಯಲೆಂದು ಈ ಚಿತ್ರಗಳನ್ನು ಬೀದಿ ಗೋಡೆಗಳಿಗೂ ಹಚ್ಚುತ್ತಿದ್ದರು.

ಹಸಿವಿನ ಚಿತ್ರವೆಂದರೆ ಎಲುಬಿನ ಹಂದರ, ಚಾಚಿದ ಕೈ ಎಂದು ನಮ್ಮ ಕಣ್ಣು ಒಗ್ಗಿಹೋಗಿದೆ. ಡಗ್ಲಸ್ ಚಿತ್ರದ ಹೆಂಗಸು ದಿನಸಿ ಚೀಲ ಅಪ್ಪಿಕೊಂಡು ತಲೆಯೆತ್ತಿ ನಿಲ್ಲುತ್ತಾಳೆ. ನೋಡುವವರು ಮರುಗಲಿ ಎಂದು ಅವಳು ನಿಂತಿಲ್ಲ. ತನ್ನ ಪಾಲು ಕೇಳುತ್ತಿದ್ದಾಳೆ. 1972ರ ಮಾರ್ಚಿನಲ್ಲಿ ಓಕ್‌ಲ್ಯಾಂಡ್ ಸಮಾವೇಶದಲ್ಲಿ ಪಕ್ಷದವರು ಅಂಥ ಸಾವಿರಾರು ಚೀಲಗಳನ್ನು, ಒಳಗೊಂದು ಕೋಳಿಯನ್ನೂ ಇಟ್ಟು, ನಿಜವಾಗಿಯೂ ಹಂಚಿದರು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಪಕ್ಷವನ್ನು ಹತ್ತಿಕ್ಕುವ ಯತ್ನಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿಯಾಗಬಲ್ಲದ್ದು ಈ ತಿಂಡಿಯೇ ಎಂದು ಎಫ್.ಬಿ.ಐ. ಮುಖ್ಯಸ್ಥ ಎಡ್ಗರ್ ಹೂವರ್ 1969ರ ಮೇ ತಿಂಗಳಲ್ಲೇ ತಮ್ಮ ಅಧಿಕಾರಿಗಳಿಗೆ ಬರೆದಿದ್ದರು. ಇತ್ತ ಸರ್ಕಾರದ್ದೇ ಶಾಲಾ ಉಪಾಹಾರ ಯೋಜನೆ 1966ರಿಂದ ಬರಿಯ ಪ್ರಯೋಗವಾಗಿ ನಡೆದಿತ್ತು. 1975ರಲ್ಲಿ ಅದು ಕಾಯಂ ಆಯಿತು. ಅದಕ್ಕೆ ಪ್ಯಾಂಥರರೇ ಕಾರಣವೆಂದರೆ ಅತಿಯಾದೀತು. ಅವರ ಪಾತ್ರ ಇಲ್ಲವೇ ಇಲ್ಲವೆನ್ನುವುದೂ ಕಷ್ಟ.

ಪಕ್ಷ 1982ರಲ್ಲಿ ಮುಗಿಯಿತು. ಗೋಡೆಗೆ ಅಂಟಿಸಿದ್ದ ಆ ಅಗ್ಗದ ಕಾಗದಗಳು 2007ರಲ್ಲಿ ಲಾಸ್ ಏಂಜಲೀಸಿನ ಸಮಕಾಲೀನ ಕಲಾ ಮ್ಯೂಸಿಯಂ ಸೇರಿ ಪ್ರದರ್ಶನ ಕಂಡವು.