ಉದ್ಯಮ, ಕಲೆ ಮತ್ತು ಪಾಲುದಾರ

ನಮ್ಮ ಸದಸ್ಯ ಬಂಧುಗಳಲ್ಲಿ ಕೊಳಲು ನುಡಿಸುವವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಕಥೆ ಬರೆಯುವವರು ಕಡಿಮೆಯೇನಿಲ್ಲ. ಆದರೆ ವಿಚಾರಿಸಿದರೆ ಹೆಚ್ಚಿನವರಿಂದ ಬರುವ ಉತ್ತರ ಒಂದೇ: “ಅದೆಲ್ಲ ಹಿಂದಿನ ಮಾತು; ಮಗ ವ್ಯಾಪಾರ ವಹಿಸಿಕೊಳ್ಳಲಿ, ಆಮೇಲೆ ನೋಡೋಣ.” ಈ ಮುಂದೂಡಿಕೆ ಎಷ್ಟರ ಮಟ್ಟಿಗೆ ಲಾಭದಾಯಕವೆಂಬುದು ವಿಚಾರಾರ್ಹ.

ವೃತ್ತಿಯಲ್ಲಿದ್ದುಕೊಂಡೇ ಉತ್ತಮ ಸಾಹಿತ್ಯ ರಚಿಸಿದವರು ಕನ್ನಡದಲ್ಲಿ ಅನೇಕರಿದ್ದಾರೆ. 1920ರಲ್ಲಿ ಮೊದಲ ಕಥಾಸಂಕಲನ ಪ್ರಕಟವಾದಾಗ ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯ ಬೇಕಲೈಟ್ ಹೈಲಂ ಕಂಪೆನಿಯಲ್ಲಿ ದೀರ್ಘಕಾಲ ಪಾಲಿಮರ್ ತಂತ್ರಜ್ಞರಾಗಿ ದುಡಿದರು. 1979ರಲ್ಲಿ ಬಂದ ಅವರ ‘ಶಿಕಾರಿ’ಯ ನಾಯಕ ನಾಗಪ್ಪನು ಕಂಪೆನಿಯೊಂದರಿಂದ ಅಮಾನತುಗೊಂಡ ಅಧಿಕಾರಿ. ಉದ್ಯಮದ ಒಳಗಿನ ಸಂಶಯ, ಸಂಚುಗಳನ್ನು ಹೊರಗೆ ನಿಂತವರು ಅಷ್ಟು ನಿಕಟವಾಗಿ ಚಿತ್ರಿಸಲಾರರು.

ಆದರೆ ಇವರೆಲ್ಲ ಸಂಬಳದವರು. ಕಚೇರಿಗೆ ಬಾಗಿಲು ಹಾಕುವ ಹೊತ್ತೊಂದಿತ್ತು. ಗಲ್ಲೆಯ ಮೇಲೆ ಕೂರುವವನಿಗೆ, ಎರಡು ಪಾಳಿ ನಡೆಸುವವನಿಗೆ ಆ ಗೆರೆ ಎಲ್ಲಿದೆ? ಆದಕಾರಣ ಸ್ವಂತ ವ್ಯವಹಾರ ನಡೆಸಿದ ಒಬ್ಬರ ಉದಾಹರಣೆಯನ್ನು ನೋಡುವುದು ಉಚಿತ. ಅದಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿದೆ.

ಚಾರ್ಲ್ಸ್ ಐವ್ಸ್ (1874–1954) ಬ್ಯಾಂಡ್ ಸಂಗೀತಗಾರರೊಬ್ಬರ ಮಗ. 1898ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ಪಡೆದು ನ್ಯೂಯಾರ್ಕಿನ ವಿಮಾ ಕಂಪೆನಿಯೊಂದರಲ್ಲಿ ಗುಮಾಸ್ತರಾದರು. 1909ರಲ್ಲಿ ಜೂಲಿಯನ್ ಮೈರಿಕ್ ಎಂಬವರೊಡನೆ ‘ಐವ್ಸ್ ಅಂಡ್ ಮೈರಿಕ್’ ಹೆಸರಿನ ಜೀವವಿಮಾ ಏಜೆನ್ಸಿ ತೆರೆದರು. ಆಡಳಿತ ಮತ್ತು ಹೊರಗಿನ ಸಂಪರ್ಕ ಮುಖ್ಯವಾಗಿ ಮೈರಿಕ್ ಅವರದು; ಏಜೆಂಟರ ತರಬೇತಿ ಐವ್ಸ್ ಅವರದು. ಸಂಜೆ, ವಾರಾಂತ್ಯ ಮತ್ತು ರಜೆಗಳು ಸಂಗೀತಕ್ಕೆ. ತನ್ನ ಅಪಸ್ವರಗಳಿಂದ ಹೆಂಡತಿ ಮಕ್ಕಳು ಉಪವಾಸ ಬೀಳಬಾರದೆಂಬುದು ಅವರ ನಿಲುವಾಗಿತ್ತು.

ಏಜೆನ್ಸಿ ಬಹು ದೊಡ್ಡದಾಗಿ ಬೆಳೆಯಿತು. ಸಂಗೀತವನ್ನು ಮಾತ್ರ ಕೇಳುವವರಿರಲಿಲ್ಲ. ಅವರು 1922ರಲ್ಲಿ 114 ಹಾಡುಗಳ ಸಂಪುಟವನ್ನು ಸ್ವಂತ ಖರ್ಚಿನಿಂದ ಮುದ್ರಿಸಿ ಉಚಿತವಾಗಿ ಹಂಚಿದರು. ಮಾರುಕಟ್ಟೆಯ ಒಪ್ಪಿಗೆಗೆ ಕಾಯದೆ ತನಗೆ ಬೇಕಾದಂತೆ ಬರೆಯುವ ಈ ಸ್ವಾತಂತ್ರ್ಯವನ್ನು ಕೊಟ್ಟದ್ದು ವಿಮೆಯ ಆದಾಯವೇ ಎಂಬುದನ್ನು ವ್ಯಾಪಾರಿಗಳು ಗಮನಿಸಬೇಕು.

ಬೆಲೆಯನ್ನೂ ತೆರಬೇಕಾಯಿತು. 1918ರಲ್ಲಿ ಅವರ ಆರೋಗ್ಯ ತೀವ್ರವಾಗಿ ಕೆಟ್ಟಿತು. ಅನಂತರ ಪೂರ್ವಸ್ಥಿತಿಗೆ ಮರಳಲಿಲ್ಲ. 1930ರ ಆರಂಭದಲ್ಲಿ ಅವರು ವ್ಯವಹಾರದಿಂದ ನಿವೃತ್ತರಾದರು. ಇನ್ನು ಸಂಗೀತಕ್ಕೆ ಇಡೀ ದಿನ ದೊರೆಯಿತಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಹೊಸ ರಚನೆಗಳು ಅದಕ್ಕೂ ಮುಂಚೆಯೇ, 1920ರ ದಶಕದ ಉತ್ತರಾರ್ಧದಲ್ಲಿ, ಹೆಚ್ಚುಕಡಿಮೆ ನಿಂತುಹೋಗಿದ್ದವು. 1947ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೂರನೆಯ ಸಿಂಫನಿ ಏಜೆನ್ಸಿಯ ದುಡಿಮೆಯ ವರ್ಷಗಳ ಕೃತಿ. ನಿವೃತ್ತಿಯ ಬಿಡುವಿಗಾಗಿ ಅವರು ಕಾದಿದ್ದರೆ ಅದು ಇರುತ್ತಲೇ ಇರಲಿಲ್ಲ.

ನಮ್ಮಲ್ಲಿ ತೊಡಕು ಸಾಮಾನ್ಯವಾಗಿ ಬೇರೆಡೆ ಇರುತ್ತದೆ. ಅಣ್ಣ ಗಲ್ಲೆ ನೋಡಿಕೊಳ್ಳುತ್ತಾನೆ, ತಮ್ಮ ಕಚೇರಿಗೆ ಹೋಗುತ್ತಾನೆ. ಬಾಯಿಬಿಟ್ಟು ಯಾರೂ ಆಡುವುದಿಲ್ಲ. ವರ್ಷದ ಲೆಕ್ಕದ ದಿನ ಮಾತ್ರ ಮುಖ ಗಂಟಾಗುತ್ತದೆ. ಕದ್ದ ಹೊತ್ತಿನಲ್ಲಿ ಕಲೆಯೂ ನೆಮ್ಮದಿಯಿಂದ ನಡೆಯುವುದಿಲ್ಲ. ಈ ವಿಷಯದಲ್ಲಿ 1932ರ ಭಾರತೀಯ ಪಾಲುದಾರಿಕೆ ಅಧಿನಿಯಮವು ಸ್ಪಷ್ಟವಾಗಿದೆ. ಪ್ರತಿಯೊಬ್ಬ ಪಾಲುದಾರನೂ ವ್ಯವಹಾರದ ಕರ್ತವ್ಯಗಳನ್ನು ಶ್ರದ್ಧೆಯಿಂದ ನಿರ್ವಹಿಸಬೇಕೆಂದು 12ನೆಯ ಕಲಮು ಹೇಳುತ್ತದೆ; ಆದರೆ ಅದು ಪಾಲುದಾರರ ನಡುವಣ ಕರಾರಿಗೆ ಒಳಪಟ್ಟಿದೆ. 13ನೆಯ ಕಲಮಿನಂತೆ, ಕರಾರಿಲ್ಲದಿದ್ದರೆ ದುಡಿಮೆಗೆ ಪ್ರತ್ಯೇಕ ಸಂಭಾವನೆಯೂ ಇಲ್ಲ.

ಎಂದರೆ, ವಾರದಲ್ಲಿ ಎರಡು ಸಂಜೆ ಅಥವಾ ವರ್ಷದಲ್ಲಿ ಒಂದು ತಿಂಗಳು ತನಗೆ ಬೇಕೆನ್ನುವವನು ಅದನ್ನು ಪಾಲುದಾರಿಕೆ ಪತ್ರದಲ್ಲೇ ಬರೆಸಿಕೊಳ್ಳಬಹುದು. ಆ ಅವಧಿಯ ಹೊರೆ ಹೊರುವ ಪಾಲುದಾರನಿಗೆ ಹೆಚ್ಚಿನ ಸಂಭಾವನೆಯನ್ನು ಅದರಲ್ಲಿಯೇ ನಮೂದಿಸಬಹುದು. ಪತ್ರದ ತಿದ್ದುಪಡಿಗೆ ಮುನ್ನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪಾಲುದಾರರ ಸಂಭಾವನೆಗೆ ಆದಾಯ ತೆರಿಗೆಯ ಮಿತಿಗಳಿವೆ.